ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಕಾರು

ಜರ್ಮನಿಯಲ್ಲಿ ಕೆಲವು ಕಾರುಗಳ ನಂಬರ್ ಪ್ಲೇಟಿನ ಬಲ ಅಂಚಿನಲ್ಲಿ ಒಂದರ ಕೆಳಗೊಂದು ಎರಡು ಪುಟ್ಟ ಅಂಕಿಗಳಿರುತ್ತವೆ. ಮೇಲೆ 04, ಕೆಳಗೆ 10 ಎಂದಿದ್ದರೆ ಆ ಕಾರು ಏಪ್ರಿಲ್ ಮೊದಲ ದಿನದಿಂದ ಅಕ್ಟೋಬರ್ ಕೊನೆಯ ದಿನದವರೆಗೆ ಮಾತ್ರ ರಸ್ತೆಗಿಳಿಯಬಹುದು. ನವೆಂಬರ್ ಒಂದರಂದು ಅದನ್ನು ಓಡಿಸುವುದಿರಲಿ, ಸಾರ್ವಜನಿಕ ರಸ್ತೆಯ ಬದಿಯಲ್ಲಿ ನಿಲ್ಲಿಸುವುದೂ ತಪ್ಪು. 1997ರಿಂದ ಈ ಏರ್ಪಾಡು ಇದೆ. ಎರಡು ತಿಂಗಳಿಗಿಂತ ಕಡಿಮೆಯಿಲ್ಲದ, ಹನ್ನೊಂದು ತಿಂಗಳಿಗೆ ಮೀರದ ಅವಧಿಯನ್ನು ಮಾಲೀಕನೇ ಆರಿಸಿಕೊಳ್ಳುತ್ತಾನೆ. ಉಳಿದ ತಿಂಗಳುಗಳಿಗೆ ತೆರಿಗೆ ಇಲ್ಲ. ಗ್ಯಾರೇಜಿನಲ್ಲೋ ಬೇಲಿ ಹಾಕಿದ ಖಾಸಗಿ ಜಾಗದಲ್ಲೋ ನಿಂತಿದ್ದರೆ ವಿಮೆ ಮಾತ್ರ ಸೀಮಿತ ರೂಪದಲ್ಲಿ ಮುಂದುವರಿಯುತ್ತದೆ. ಬ್ರಿಟನ್ನಿನಲ್ಲೂ 1998ರಿಂದ, ಗಾಡಿ ರಸ್ತೆಯಿಂದ ಹೊರಗಿದೆ ಎಂದು ಸರ್ಕಾರಕ್ಕೆ ಘೋಷಿಸಿ ತೆರಿಗೆ ಕಟ್ಟದೆ ನಿಲ್ಲಿಸಿಕೊಳ್ಳುವ ದಾರಿ ಇದೆ.

ಜರ್ಮನರ ಕಾಗದಪತ್ರದ ಮೋಹವನ್ನು ಕಂಡು ನಗುವವರಲ್ಲಿ ನಾನೂ ಒಬ್ಬ. ಆದರೆ ಈ ಎರಡು ಅಂಕಿಗಳನ್ನು ನೋಡಿದಾಗ ನಗು ಬರುವುದಿಲ್ಲ. ಅವುಗಳ ಹಿಂದೆ ಒಂದು ತೀರ್ಮಾನವಿದೆ. ಈ ಕಾರು ಇಷ್ಟು ತಿಂಗಳು ನಿಲ್ಲುತ್ತದೆ ಎಂದು ಮಾಲೀಕ ಮೊದಲೇ ಒಪ್ಪಿಕೊಂಡಿರುತ್ತಾನೆ. ಒಪ್ಪಿಕೊಂಡ ಮೇಲೆ ನಿಲ್ಲಿಸುವ ಕೆಲಸವನ್ನು ಸರಿಯಾಗಿ ಮಾಡುತ್ತಾನೆ.

ಕರ್ನಾಟಕದಲ್ಲಿ ನಾವು ಇದನ್ನು ಒಪ್ಪಿಕೊಳ್ಳುವುದೇ ಇಲ್ಲ. ಮಕ್ಕಳು ಹೊರದೇಶದಲ್ಲಿದ್ದಾರೆ, ಅಪ್ಪನಿಗೆ ಈಗಿನ ಟ್ರಾಫಿಕ್ಕಿನಲ್ಲಿ ಓಡಿಸಲು ಮನಸ್ಸಿಲ್ಲ, ಕಾರು ಪೋರ್ಟಿಕೋದಲ್ಲಿ ನಿಂತಿದೆ. ಆದರೆ ‘ನಿಂತಿದೆ’ ಎಂದು ಯಾರೂ ಹೇಳುವುದಿಲ್ಲ. ‘ಇದೆ, ಬೇಕಾದಾಗ ತೆಗೆಯುತ್ತೇವೆ’ ಎನ್ನುತ್ತಾರೆ. ಆ ಮಾತನ್ನು ನಿಜ ಮಾಡಲು ದಿನವೂ ಬೆಳಿಗ್ಗೆ ಕೀ ತಿರುಗಿಸಿ, ಐದು ನಿಮಿಷ ಎಂಜಿನ್ ಗುಡುಗಿಸಿ, ಎರಡು ಸಲ ಆಕ್ಸಿಲರೇಟರ್ ಒತ್ತಿ, ಆಫ್ ಮಾಡಿ ಒಳಗೆ ಹೋಗುತ್ತಾರೆ. ನಮ್ಮ ಮನೆಯಲ್ಲೂ ಇದೇ ಪದ್ಧತಿ. ಫೋನಿನಲ್ಲಿ ಇದರ ಬಗ್ಗೆ ಮಾತೆತ್ತಿದರೆ, ‘ಬ್ಯಾಟರಿ ಇಳಿಯಬಾರದಲ್ಲ ಮಾರಾಯ’ ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಕಾಳಜಿ ಸರಿ, ಉಪಾಯ ಸರಿಯಲ್ಲ. ನಿಂತ ಕಾರು ಸುಮ್ಮನಿರುವುದಿಲ್ಲ. ಅಲಾರಂ, ಗಡಿಯಾರ, ರಿಮೋಟ್ ಕೀಲಿಗಾಗಿ ಕಾಯುವ ಸರ್ಕ್ಯೂಟ್ ಎಲ್ಲವೂ ಸೇರಿ ಸಣ್ಣದೊಂದು ಕರೆಂಟನ್ನು ಎಳೆಯುತ್ತಲೇ ಇರುತ್ತವೆ. 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ, ಇದು ಆರೋಗ್ಯವಂತ ಕಾರಿನ ಲೆಕ್ಕ. ಇಪ್ಪತ್ತನಾಲ್ಕು ಗಂಟೆಗೆ ಗುಣಿಸಿದರೆ ದಿನಕ್ಕೆ 0.72 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 40 ಆಂಪಿಯರ್-ಅವರ್ ಬ್ಯಾಟರಿ ಎರಡು ತಿಂಗಳೊಳಗೆ ಪೂರ್ತಿ ಖಾಲಿಯಾಗಲು ಇಷ್ಟು ಸಾಕು. ಸ್ಟಾರ್ಟ್ ಆಗದ ಸ್ಥಿತಿಗೆ ಅದಕ್ಕೂ ಬಹಳ ಮೊದಲೇ ಬಂದಿರುತ್ತದೆ. ಚೆನ್ನಾಗಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12.4ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಬರುತ್ತದೆ. ಹಾಗೆ ಗಟ್ಟಿಯಾದದ್ದು ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ.

ಐದು ನಿಮಿಷದ ಐಡ್ಲಿಂಗಿನಲ್ಲಿ, ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಕೊಡುವುದು ಸ್ಟಾರ್ಟರ್ ತಿಂದದ್ದನ್ನೂ ಆ ದಿನ ಸೋರಿದ್ದನ್ನೂ ಹೇಗೋ ತುಂಬಬಹುದು, ಅದೂ ಏಸಿ ಮತ್ತು ದೀಪಗಳನ್ನು ಹಾಕದಿದ್ದರೆ. ಮೊದಲೇ ಅರ್ಧಕ್ಕಿಳಿದ ಬ್ಯಾಟರಿ ಅರ್ಧದಲ್ಲೇ ಉಳಿಯುತ್ತದೆ. ಅಷ್ಟು ಅಲ್ಪ ಲಾಭಕ್ಕಾಗಿ ಎಂಜಿನ್ ತೆರುವ ಬೆಲೆ ದೊಡ್ಡದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿಯಾದ ಎಂಜಿನ್ನಿನಿಂದ ಅದು ಆವಿಯಾಗಿ ಹೊರಟುಹೋಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಒಂದಷ್ಟು ಪಿಸ್ಟನ್ನಿನ ಪಕ್ಕದಿಂದ ಜಾರಿ ಆಯಿಲಿಗೆ ಸೇರುತ್ತದೆ, ಇನ್ನೊಂದಷ್ಟು ಸೈಲೆನ್ಸರಿನ ಹೊಟ್ಟೆಯಲ್ಲಿ ಹನಿಯಾಗಿ ನಿಲ್ಲುತ್ತದೆ. ತಣ್ಣಗಿದ್ದಾಗ ಎಂಜಿನ್ ಹೆಚ್ಚು ಪೆಟ್ರೋಲ್ ಬೇಡುವುದರಿಂದ ಉರಿಯದ ಪೆಟ್ರೋಲೂ ಆಯಿಲಿಗಿಳಿದು ಅದನ್ನು ತೆಳುವಾಗಿಸುತ್ತದೆ. ಇಂಥ ಕಾರಿನ ಆಯಿಲ್ ಮುಚ್ಚಳ ಬಿಚ್ಚಿ ಒಳಬದಿ ನೋಡಿ: ಬಿಳಿಚು ನೊರೆಯ ಪದರವೊಂದು ಅಂಟಿರುವುದನ್ನು ಅನೇಕ ಸಲ ಕಾಣಬಹುದು. ದಿನವೂ ಒಬ್ಬನನ್ನು ಅರೆನಿದ್ದೆಯಿಂದ ಎಬ್ಬಿಸಿ ಮುಖ ತೊಳೆಯಲೂ ಬಿಡದೆ ಮತ್ತೆ ಮಲಗಿಸಿದ ಹಾಗೆ ಇದು.

ಡೀಸೆಲ್ ಆದರೆ ಇನ್ನೂ ಕಷ್ಟ. 2020ರ ಏಪ್ರಿಲ್‌ನಿಂದ ಬಂದ, ಬಿಎಸ್ 6 ಎಂಬ ಹೊಗೆಯ ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಸುಟ್ಟು ತಾನೇ ಶುಚಿಯಾಗಲು ಅದಕ್ಕೆ ಹೆದ್ದಾರಿಯ ಓಟದ ಬಿಸಿ ಬೇಕು. ಪೋರ್ಟಿಕೋದಲ್ಲಿ ಗುಡುಗಿಸಿದರೆ ಮಸಿ ಸೇರುತ್ತದೆಯೇ ಹೊರತು ಸುಡುವುದಿಲ್ಲ.

ಜರ್ಮನಿಯಲ್ಲಿ ಈ ಪದ್ಧತಿಗೆ ಅವಕಾಶವೇ ಇಲ್ಲ. ಅಲ್ಲಿನ ಸಂಚಾರ ನಿಯಮಗಳ 30ನೇ ಕಲಮು ಎಂಜಿನ್ನನ್ನು ಅನಗತ್ಯವಾಗಿ ಓಡಿಸುತ್ತಾ ನಿಲ್ಲಿಸುವುದನ್ನು ನಿಷೇಧಿಸುತ್ತದೆ. ಚಳಿಗಾಲದ ಬೆಳಿಗ್ಗೆ ಗಾಜಿನ ಮೇಲೆ ಮಂಜು ಗಟ್ಟಿದ್ದರೂ ಎಂಜಿನ್ ಹಚ್ಚಿಟ್ಟು ಕೆರೆಯುವಂತಿಲ್ಲ. ಮೊದಲು ಕೆರೆದು, ಆಮೇಲೆ ಹಚ್ಚಿ, ಕೂಡಲೇ ಹೊರಡಬೇಕು. ನಿಯಮ ಬಂದದ್ದು ಸದ್ದು ಮತ್ತು ಹೊಗೆಯ ಕಾರಣಕ್ಕೆ, ಎಂಜಿನ್ನಿನ ಮೇಲಿನ ಕರುಣೆಯಿಂದಲ್ಲ. ಆದರೂ ಲಾಭ ಎಂಜಿನ್ನಿಗೂ ಆಯಿತು. ಬೇರೆ ದಾರಿ ಇಲ್ಲದ್ದರಿಂದ ನಿಲ್ಲಿಸುವವರು ಪುಟ್ಟದೊಂದು ಚಾರ್ಜರ್ ತಂದು ಬ್ಯಾಟರಿಗೆ ಸಿಕ್ಕಿಸುತ್ತಾರೆ. ತುಂಬಿದಾಗ ತಾನೇ ನಿಲ್ಲುವ, ಇಳಿದಾಗ ತಾನೇ ಶುರುವಾಗುವ ಜಾತಿಯದು. ಗೋಡೆಯಲ್ಲಿ ಪ್ಲಗ್ ಇಲ್ಲದವರು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡುತ್ತಾರೆ. ಯಾವಾಗಲೂ ನೆಗೆಟಿವ್ ಮೊದಲು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಅಕಸ್ಮಾತ್ ಕಾರಿನ ಲೋಹದ ಮೈಗೆ ತಗುಲಿದರೆ ಆಗ ಕಿಡಿ ಹಾರುವುದಿಲ್ಲ.

ಹಾಗಂತ ಜರ್ಮನ್ ಪುಸ್ತಕವನ್ನು ಇಡಿಯಾಗಿ ಕರ್ನಾಟಕಕ್ಕೆ ತಂದು ಓದಬೇಕಾಗಿಲ್ಲ, ಹವೆಯೇ ಬೇರೆ. ಅಲ್ಲಿ ಬ್ಯಾಟರಿಯ ಶತ್ರು ಚಳಿ: ಪೂರ್ತಿ ಚಾರ್ಜ್ ಆದದ್ದು ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಸಾಧಾರಣ ಚಳಿಗೇ ಹೆಪ್ಪುಗಟ್ಟಿ ಒಡೆಯಬಹುದು. ನಮ್ಮಲ್ಲಿ ಸೆಕೆ ಶತ್ರು. ಬಿಸಿ ಹೆಚ್ಚಿದಷ್ಟೂ ಬ್ಯಾಟರಿ ತನ್ನಿಂದ ತಾನೇ ಬೇಗ ಇಳಿಯುತ್ತದೆ, ಬೇಗ ಮುದಿಯಾಗುತ್ತದೆ. ಅಲ್ಲಿ ಉಪ್ಪು ರಸ್ತೆಯಲ್ಲಿರುತ್ತದೆ, ಹಿಮ ಕರಗಿಸಲು ಎರಚಿದ್ದು. ಒಂದು ಸಲ ಅಡಿಭಾಗವನ್ನು ತೊಳೆದು ಒಳಗೆ ನಿಲ್ಲಿಸಿದರೆ ಆ ಚಿಂತೆ ಮುಗಿಯಿತು. ನಮ್ಮ ಕರಾವಳಿಯಲ್ಲಿ ಉಪ್ಪು ಗಾಳಿಯಲ್ಲೇ ಇದೆ, ನಿಂತ ಕಾರನ್ನೂ ಬಿಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಾರಿನೊಳಗೆ ಬೂಸು ಬೆಳೆಯುವುದನ್ನು ಬರ್ಲಿನ್ನಿನವನಿಗೆ ವಿವರಿಸುವುದು ಕಷ್ಟ. ಅಪಾರ್ಟ್‌ಮೆಂಟುಗಳ ಕೆಳಗೆ ಸಾಲಾಗಿ ಕಾಣುವ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಹೊದಿಕೆಗಳ ಮೇಲೆ ನನಗೆ ವಿಶೇಷ ಸಿಟ್ಟಿದೆ. ಹೊರಗಿನ ಮಳೆಯನ್ನು ತಡೆಯುತ್ತವೆ ನಿಜ, ಒಳಗಿನ ತೇವವನ್ನೂ ಹಿಡಿದಿಡುತ್ತವೆ. ಸೂರಿನಡಿ ನಿಂತ ಕಾರಿಗೆ ಗಾಳಿಯಾಡುವ ಬಟ್ಟೆಯ ಹೊದಿಕೆ ಸಾಕು. ಧೂಳಿನ ಮೇಲೆಯೇ ಹೊದಿಸಿದರೆ ಗಾಳಿಗೆ ಬಟ್ಟೆ ಅಲುಗಾಡಿದಾಗಲೆಲ್ಲ ಬಣ್ಣಕ್ಕೆ ಉಪ್ಪುಕಾಗದ ಉಜ್ಜಿದ ಪರಿಣಾಮ. ತೊಳೆದು ಒಣಗಿಸಿ ಹೊದಿಸಬೇಕು.

ಪ್ರಾಣಿಗಳ ವಿಷಯದಲ್ಲಂತೂ ಎರಡು ದೇಶಗಳ ತರ್ಕ ತಲೆಕೆಳಗು. ನಮ್ಮಲ್ಲಿ ಇಲಿ, ಹೆಗ್ಗಣ. ಕದಲದ ಕಾರು ಎಂದರೆ ಅವಕ್ಕೆ ಬಾಡಿಗೆಯಿಲ್ಲದ ಮನೆ. ಬಾನೆಟ್ಟಿನಡಿ ಗೂಡು ಕಟ್ಟುತ್ತವೆ, ವೈರು ಕಡಿಯುತ್ತವೆ, ಏರ್ ಫಿಲ್ಟರಿನೊಳಗೆ ಮರಿ ಹಾಕುತ್ತವೆ. ಹೊಗೆಸೊಪ್ಪಿನ ಎಲೆ ತುರುಕಿಡುವ ಉಪಾಯ ಎಲ್ಲರಿಗೂ ಗೊತ್ತು; ವಾಸನೆ ಆರಿದ ಮೇಲೆ ಅದು ಬರೀ ಒಣ ಎಲೆ. ಜರ್ಮನಿಯಲ್ಲಿ ಕಾಟ ಕೊಡುವುದು ಮಾರ್ಟೆನ್ ಎಂಬ, ಮುಂಗುಸಿಯ ಗಾತ್ರದ ರಾತ್ರಿಚರ ಪ್ರಾಣಿ. ಪ್ರತಿಯೊಂದು ಗಂಡು ಮಾರ್ಟೆನ್ ತನ್ನ ಸೀಮೆಯನ್ನು ಗುರುತು ಹಾಕಿಕೊಂಡಿರುತ್ತದೆ. ಕಾರು ಒಂದೇ ಜಾಗದಲ್ಲಿದ್ದರೆ ಅಷ್ಟೇನೂ ತೊಂದರೆಯಿಲ್ಲ. ಒಂದು ರಾತ್ರಿ ಬೇರೆ ಬಡಾವಣೆಯಲ್ಲಿ ನಿಲ್ಲಿಸಿದರೆ ಅಲ್ಲಿನ ಮಾರ್ಟೆನ್ನಿಗೆ ಬಾನೆಟ್ಟಿನಡಿ ಪರಕೀಯನ ವಾಸನೆ ಸಿಗುತ್ತದೆ, ಕೋಪದಲ್ಲಿ ರಬ್ಬರ್ ಪೈಪು, ವೈರು ಕಚ್ಚಿ ಹಾಕುತ್ತದೆ. ಅಲ್ಲಿ ಓಡಾಡುವ ಕಾರಿಗೆ ಭಯ, ಇಲ್ಲಿ ನಿಂತ ಕಾರಿಗೆ.

ಟೈರಿನ ಮಟ್ಟಿಗೆ ಎರಡೂ ಕಡೆ ನಿಯಮ ಒಂದೇ. ನಿಲ್ಲಿಸುವ ಮೊದಲು ಮಾಮೂಲಿಗಿಂತ ಐದಾರು ಪಿಎಸ್ಐ ಹೆಚ್ಚು ಗಾಳಿ ತುಂಬಬೇಕು, ತೆಗೆದು ಓಡಿಸುವ ಮೊದಲು ಸರಿಯಾದ ಮಟ್ಟಕ್ಕೆ ಇಳಿಸಬೇಕು. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡುವುದು ಲೇಸು. ಕಡಿಮೆ ಓಡಿದ ಕಾರಿನ ಟೈರು ಮೋಸಗಾರ. ಹಲ್ಲು ಸವೆದಿರುವುದಿಲ್ಲ, ನೋಡಿದವರೆಲ್ಲ ಹೊಸದರಂತಿದೆ ಎನ್ನುತ್ತಾರೆ. ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಹುಡುಕಿ. 2314 ಎಂದಿದ್ದರೆ ಅದು 2014ರ 23ನೇ ವಾರದಲ್ಲಿ ತಯಾರಾದದ್ದು, ಅದರ ರಬ್ಬರು ಎಷ್ಟು ಚೆನ್ನಾಗಿ ಕಂಡರೂ ಮುದಿಯಾಗಿದೆ. ಬ್ರೇಕ್ ಆಯಿಲ್ ಕೂಡ ಕಿಲೋಮೀಟರ್ ನೋಡುವುದಿಲ್ಲ. ಗಾಳಿಯ ತೇವ ಹೀರುವುದು ಅದರ ಗುಣ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಪೆಟ್ರೋಲೂ ಹಾಗೆಯೇ. ಜರ್ಮನಿಯಲ್ಲಿ ಶೇಕಡ 10ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲಿನ ಜೊತೆಗೆ ಕಡಿಮೆ ಎಥನಾಲಿನದೂ ಸಿಗುತ್ತದೆ, ನಿಲ್ಲಿಸುವವರು ಅದನ್ನು ಆರಿಸಿಕೊಳ್ಳುತ್ತಾರೆ. ನಮ್ಮಲ್ಲೀಗ ಶೇಕಡ 20ರದ್ದು ಸಾಮಾನ್ಯ, ಎಥನಾಲ್ ನೀರನ್ನು ಎಳೆದುಕೊಳ್ಳುವಂಥದ್ದು. ಟ್ಯಾಂಕ್ ತುಂಬಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ, ಆದರೆ ಹಾಗೆ ತುಂಬಿಟ್ಟದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವಂತಿಲ್ಲ.

ಇಷ್ಟು ಹೊತ್ತು ಜರ್ಮನರ ಪರ ವಾದಿಸಿದವನು ಈಗ ಪಕ್ಷ ಬದಲಿಸುತ್ತೇನೆ. ಕಾರನ್ನು ಶಾಸ್ತ್ರೋಕ್ತವಾಗಿ ನಿಲ್ಲಿಸುವುದು ಅವರಿಗೆ ಗೊತ್ತು, ಇನ್ನೊಬ್ಬರಿಗೆ ಓಡಿಸಲು ಕೊಡುವುದು ಕಷ್ಟ. ವಿಮೆ ಮಾಡಿಸುವಾಗಲೇ ಯಾರು ಯಾರು ಓಡಿಸುತ್ತಾರೆ, ಅವರ ವಯಸ್ಸೆಷ್ಟು, ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂದೆಲ್ಲ ಕೇಳುತ್ತಾರೆ, ಕಂತು ನಿಲ್ಲುವುದು ಆ ಉತ್ತರದ ಮೇಲೆ. ಪಟ್ಟಿಯಲ್ಲಿಲ್ಲದ ಭಾವಮೈದುನನಿಗೆ ಕೀ ಕೊಡುವ ಮೊದಲು ವಿಮೆ ಕಂಪನಿಗೆ ತಿಳಿಸಬೇಕು. ಭಾರತದಲ್ಲಿ ಸಾಮಾನ್ಯ ಖಾಸಗಿ ಕಾರಿನ ಪಾಲಿಸಿ ಊರ್ಜಿತ ಲೈಸೆನ್ಸ್ ಇರುವ, ಮಾಲೀಕರು ಒಪ್ಪಿದ ಯಾರೇ ಓಡಿಸಿದರೂ ನಡೆಯುತ್ತದೆ. ನಮ್ಮ ಕೈಯಲ್ಲಿರುವ ನಿಜವಾದ ಅನುಕೂಲ ಇದು, ಇದನ್ನೇ ನಾವು ಬಳಸುವುದಿಲ್ಲ. ಮನೆಯ ಸುತ್ತ ಅಣ್ಣನ ಮಗ, ತಂಗಿಯ ಗಂಡ, ಗಂಟೆಯ ಲೆಕ್ಕದಲ್ಲಿ ಬರುವ ಡ್ರೈವರ್ ಎಲ್ಲರೂ ಇದ್ದಾರೆ. ಎರಡು ವಾರಕ್ಕೊಮ್ಮೆ ಯಾರಾದರೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ, ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್, ಸ್ವಲ್ಪ ವೇಗ ಸಿಗುವ ರಸ್ತೆಯಲ್ಲಿ ಏಸಿ ಹಾಕಿಕೊಂಡು ಓಡಿಸಿ ಬಂದರೆ ಆಯಿಲಿನ ನೀರು ಆರುತ್ತದೆ, ಬ್ರೇಕ್ ಡಿಸ್ಕಿನ ತುಕ್ಕು ಉಜ್ಜಿಹೋಗುತ್ತದೆ, ಟೈರು ದುಂಡಗಾಗುತ್ತದೆ, ಏಸಿ ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಾಗುತ್ತದೆ, ಇಲಿಯ ಸಂಸಾರ ಬೇರೆ ಮನೆ ಹುಡುಕುತ್ತದೆ. ಯಾವ ಚಾರ್ಜರಿಗೂ ಇಷ್ಟು ಕೆಲಸ ಒಟ್ಟಿಗೆ ಮಾಡಲಾಗದು. ‘ಬೇರೆಯವರು ಗೀರು ಹಾಕಿಬಿಟ್ಟರೆ?’ ಎಂಬ ಅಂಜಿಕೆ ಅಡ್ಡ ಬರುತ್ತದೆ. ಗೀರು ಬಿದ್ದರೆ ಬಣ್ಣ ಹಚ್ಚಿಸಬಹುದು.

ವಿಮೆಯ ಬಗ್ಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ ಖಾಸಗಿ ಕಾರಿನ ರಸ್ತೆ ತೆರಿಗೆಯನ್ನು ನೋಂದಣಿಯ ಹೊತ್ತಿಗೇ ಜೀವಿತಾವಧಿಗೆ ಕಟ್ಟಿರುತ್ತೇವೆ, ಕಾರು ನಿಂತಿದೆ ಎಂದು ಜರ್ಮನರಂತೆ ತಿಂಗಳ ಲೆಕ್ಕದಲ್ಲಿ ಉಳಿಸುವ ಪ್ರಶ್ನೆಯಿಲ್ಲ. ಹೀಗಾಗಿ ಉಳಿತಾಯದ ಕಣ್ಣು ವಿಮೆಯ ಮೇಲೆ ಬೀಳುತ್ತದೆ: ‘ಓಡುವುದೇ ಇಲ್ಲ, ಪಾಲಿಸಿ ಯಾಕೆ?’ ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮ್ ಮಾಡದೆ ವರ್ಷಗಟ್ಟಲೆ ಗಳಿಸಿದ ಬೋನಸ್ ಹೋಗುತ್ತದೆ. ನೆಲಮಾಳಿಗೆಗೆ ಮಳೆನೀರು ನುಗ್ಗಿದಾಗ ಮುಳುಗುವುದು ಮೊದಲು ನಿಂತ ಕಾರೇ, ಕಳ್ಳತನ, ಬೆಂಕಿಗೂ ಓಡುತ್ತಿರಬೇಕೆಂದಿಲ್ಲ. ಓಡಿಸಿದಷ್ಟಕ್ಕೆ ಕಂತು ಎಂಬ ಬಗೆಯ ಪಾಲಿಸಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ದಾರಿ ಮಾಡಿಕೊಟ್ಟಿದೆ, ಕಡಿಮೆ ಓಡುವವರು ಅದನ್ನು ವಿಚಾರಿಸಿ ನೋಡಬೇಕು.

ಎಲೆಕ್ಟ್ರಿಕ್ ಕಾರು ಕೊಂಡವರು ಇದೆಲ್ಲ ತಮಗಲ್ಲ ಎಂದುಕೊಳ್ಳುವಂತಿಲ್ಲ. ದೊಡ್ಡ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿಟ್ಟು ನಿಲ್ಲಿಸಿದರೆ ಅದು ಕ್ಷೇಮ. ಆದರೆ ಬಾಗಿಲು ತೆರೆದು ಕಾರನ್ನು ಎಚ್ಚರಿಸುವ 12 ವೋಲ್ಟಿನ ಪುಟ್ಟ ಬ್ಯಾಟರಿ ಅದರಲ್ಲೂ ಇದೆ, ಅದೂ ಇಳಿಯುತ್ತದೆ.

ಓಡಿಸಲು ಯಾರೂ ಇಲ್ಲ, ಚಾರ್ಜರ್ ಸಿಕ್ಕಿಸಲು ಪ್ಲಗ್ ಇಲ್ಲ, ವರ್ಷಕ್ಕೊಮ್ಮೆ ಮಕ್ಕಳು ಬಂದಾಗ ವಿಮಾನ ನಿಲ್ದಾಣಕ್ಕೆ ಹೋಗಲಷ್ಟೇ ಕಾರು ಬೇಕು ಎನ್ನುವ ಮನೆಗಳು ನನ್ನಂಥ ಹೊರನಾಡಿಗರ ಕಾರಣಕ್ಕೇ ಹೆಚ್ಚುತ್ತಿವೆ. ಆ ಕಾರುಗಳನ್ನು ಮಾರಬೇಕು. ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಫಿಟ್‌ನೆಸ್ ಪರೀಕ್ಷೆಗೆ ಒಯ್ದು ಮತ್ತೆ ಐದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ, ಅಷ್ಟು ಹೊತ್ತಿಗೆ ಕೊಳ್ಳುವವರೂ ಕಡಿಮೆಯಾಗಿರುತ್ತಾರೆ. ಅಪ್ಪನೊಂದಿಗೆ ಈ ಮಾತನ್ನೂ ಆಡಿದ್ದೇನೆ. ಚಾರ್ಜರಿಗೆ ಒಪ್ಪಿದ್ದಾರೆ, ಎರಡು ವಾರಕ್ಕೊಮ್ಮೆ ಓಡಿಸಲು ಚಿಕ್ಕಪ್ಪನ ಮಗನಿಗೆ ಕೀ ಕೊಡಲೂ ಒಪ್ಪಿದ್ದಾರೆ, ಪಕ್ಕದಲ್ಲಿ ತಾವೂ ಕೂರುತ್ತೇನೆಂಬ ಷರತ್ತಿನ ಮೇಲೆ. ಮಾರುವ ವಿಷಯ ಮಾತ್ರ ಎತ್ತಬೇಡ ಎಂದಿದ್ದಾರೆ.