ಸಿಮ್ ಇಲ್ಲದ ಫೋನಿಗೆ ನಾನೇ ಸಿಮ್ಮು

ಇವತ್ತು ಬೆಳಿಗ್ಗೆ ತರಕಾರಿ ಗಾಡಿಯವನಿಗೆ 40 ರೂಪಾಯಿ ಸ್ಕ್ಯಾನ್ ಮಾಡಕ್ಕೆ ಹೋದ್ರೆ ಚಕ್ರ ತಿರುಗುತ್ತೆ ತಿರುಗುತ್ತೆ, ಪೇಮೆಂಟ್ ಮಾತ್ರ ಹೋಗಲ್ಲ. ಮೆಸೇಜ್ ನೋಡ್ತೀನಿ, ದಿನದ 1.5 ಜಿಬಿ ಪೂರ್ತಿ ಖಾಲಿ, ಇನ್ಮುಂದೆ ಸ್ಪೀಡು 64 ಕೆಬಿಪಿಎಸ್ ಅಂತೆ. ಗಂಟೆ ಇನ್ನೂ ಒಂಬತ್ತೂವರೆ. ಕರೆಂಟ್ ಇಲ್ಲ, ಅದಕ್ಕೇ ವೈಫೈ ಇಲ್ಲ, ಅದಕ್ಕೇ ನಮ್ಮ ಮೂರನೇ ಕ್ಲಾಸಿನ ಸಾಹೇಬ್ರು ಸಿಮ್ ಇಲ್ಲದ ಹಳೇ ಫೋನಿಗೆ ನನ್ನ ಹಾಟ್‌ಸ್ಪಾಟ್ ಹಾಕ್ಕೊಂಡು ಯಾರೋ ಜೆಸಿಬಿಯಲ್ಲಿ ಗುಂಡಿ ತೋಡೋದನ್ನ ಎಚ್‌ಡಿಯಲ್ಲಿ ನೋಡ್ತಾ ಕೂತಿದ್ದಾರೆ.

"ಸಿಮ್ಮೇ ಇಲ್ಲ ಕಣೇ, ಅದರಿಂದ ಏನು ತೊಂದ್ರೆ" ಅಂದಿದ್ದು ನಮ್ಮನೆಯವರು. ಇವರಿಗೆ ಒಂದು ಚಟ, ಯಾವ ಎಲೆಕ್ಟ್ರಾನಿಕ್ ಸಾಮಾನನ್ನೂ ಬಿಸಾಡಲ್ಲ. ಟಿವಿ ಕೆಳಗಿನ ಡ್ರಾಯರ್ ತೆಗೆದ್ರೆ ಚಾರ್ಜರ್ ವೈರುಗಳು ಒಂದಕ್ಕೊಂದು ಸುತ್ಕೊಂಡು ಬಿದ್ದಿರ್ತವೆ, ಅದರಡಿ 2018ರಲ್ಲಿ ತಗೊಂಡಿದ್ದ ಫೋನು. ಮಗ "ಎಲ್ಲರ ಹತ್ರಾನೂ ಇದೆ" ಅಂತ ರಾಗ ಎಳೆದಾಗ ಇವರು ಹೀರೋ ಥರ ಅದನ್ನ ಎತ್ತಿ ಹಿಡಿದ್ರು. ಹೊಸದಕ್ಕೆ ದುಡ್ಡು ಬೇಡ, ರೀಚಾರ್ಜ್ ಬೇಡ, ಕಂಡಕಂಡವರ ಕಾಲ್ ಬರಲ್ಲ, ಬರೀ ವೈಫೈ. ಕೇಳಕ್ಕೇನೋ ಚೆನ್ನಾಗೇ ಇತ್ತು.

ಪ್ಯಾಟರ್ನ್ ನೆನಪಿಲ್ಲ ಅಂತ ಪವರ್ ಬಟನ್ನು ವಾಲ್ಯೂಮ್ ಬಟನ್ನು ಎರಡೂ ಒಟ್ಟಿಗೆ ಒತ್ತಿ ರೀಸೆಟ್ ಹೊಡೆದ್ರು. ಫೋನ್ ಎದ್ದು, ಮೊದಲು ಇದರಲ್ಲಿದ್ದ ಗೂಗಲ್ ಅಕೌಂಟ್‌ನಿಂದಲೇ ಲಾಗಿನ್ ಆಗಿ ಅಂತು. ಕಳ್ಳರು ಫೋನ್ ಕದ್ದು ರೀಸೆಟ್ ಮಾಡಿದ್ರೂ ಉಪಯೋಗಕ್ಕೆ ಬರಬಾರದು ಅಂತ ಮಾಡಿರೋ ವ್ಯವಸ್ಥೆ, ಒಳ್ಳೇದೇ, ಆದರೆ ಆ ಅಕೌಂಟ್ ಮಾಡಿದ್ದು ಇವರಲ್ಲ, ಮೊಬೈಲ್ ಅಂಗಡಿ ಹುಡುಗ. ಆವತ್ತು ಬಿಲ್ ಹಾಕೋ ಅಷ್ಟರಲ್ಲಿ ಅವನೇ ಒಂದು ಜಿಮೇಲ್ ಮಾಡಿ ಕೈಗೆ ಕೊಟ್ಟಿದ್ದ. ಪಾಸ್‌ವರ್ಡ್ ಮರೆತ್ರೆ ಓಟಿಪಿ ಹೋಗೋದು ಇವರ ಹಳೇ ನಂಬರಿಗೆ. ಆ ನಂಬರ್ ಬಿಟ್ಟು ಎಷ್ಟೋ ವರ್ಷ ಆಯ್ತು. ಬಿಟ್ಟ ನಂಬರನ್ನ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು, ಕೊಟ್ಟೂ ಆಗಿತ್ತು.

ಇವರು ಏನು ಮಾಡಿದ್ರು ಗೊತ್ತಾ? ಆ ನಂಬರಿಗೆ ಫೋನ್ ಮಾಡಿದ್ರು. ಸ್ಪೀಕರ್ ಹಾಕಿ. "ನಮಸ್ಕಾರ ಸರ್, ನಿಮ್ಮ ಫೋನಿಗೆ ಈಗೊಂದು ಓಟಿಪಿ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?"

ಓಟಿಪಿ ಯಾರಿಗೂ ಕೊಡಬೇಡಿ ಅಂತ ಒಂದು ಕಾಲದಲ್ಲಿ ಪ್ರತಿ ಕಾಲ್‌ಗೂ ಮುಂಚೆ ಕಿವಿಗೆ ಊದಿ ಊದಿ ಇಡೀ ದೇಶಕ್ಕೇ ಬಾಯಿಪಾಠ ಮಾಡಿಸಿದಾರೆ, ಅಂಥಾದ್ರಲ್ಲಿ ಇವರ ಈ ವಿನಯ.

ಆ ಕಡೆ ಗದಗ ಸೀಮೆಯ ದನಿ. "ಯಾರ್ರೀ ನೀವು? ಓಟಿಪಿ ಯಾಕ ಬೇಕ್ರಿ ನಿಮಗ?"

"ಇಲ್ಲ ಸರ್, ಈ ನಂಬರ್ ಮೊದಲು ನಂದೇ ಇತ್ತು..."

"ಹೊಲ ಮಾರಿದ ಮ್ಯಾಲ ಬಂದು ಬೆಳಿ ಕೇಳ್ತೀರೇನು? ಸೈಬರ್ ಕ್ರೈಮ್‌ನವ್ರ 1930ಕ್ಕ ಹಚ್ಚಲೇನು ಈಗ?" ಹಿಂದಿನಿಂದ ಹೆಂಗಸಿನ ದನಿ, "ಕಟ್ ಮಾಡ್ರಿ ಮದ್ಲ, ಮಾತಾಡಿದ್ರ ಸೈತ ರೊಕ್ಕ ಹೊಕ್ಕಾವಂತ!"

ಇಲ್ಲಿಗೆ ಫೋನ್ ಇಡೋದು ತಾನೇ? ಇಲ್ಲ, ಇವರು ತಾನು ಪ್ರಾಮಾಣಿಕ ಅಂತ ಸಾಬೀತು ಮಾಡಲೇಬೇಕು. "ಸರ್ ಬೇಕಾದ್ರೆ ನನ್ನ ಆಧಾರ್ ನಂಬರ್ ಹೇಳ್ತೀನಿ ಬರ್ಕೊಳ್ಳಿ" ಅಂದ್ರು. ಆ ಮನುಷ್ಯ ಅರೆಗಳಿಗೆ ಸುಮ್ಮನಾಗಿ, ಆಮೇಲೆ ದನಿ ಇಳಿಸಿ, "ಹಂಗ ಕಂಡವ್ರಿಗೆಲ್ಲಾ ಆಧಾರ್ ನಂಬರ್ ಹೇಳಬಾರ್ದ್ರೀ ಸರ, ಎಷ್ಟ್ ಕಲ್ತೀರಿ ನೀವು?" ಅಂತ ಶುರು ಮಾಡಿ, ಲಿಂಕ್ ಒತ್ತಬ್ಯಾಡ್ರಿ, ಪಿನ್ ಕೊಡಬ್ಯಾಡ್ರಿ, ಬ್ಯಾಂಕಿನವ್ರು ಅಂದ್ರೂ ನಂಬಬ್ಯಾಡ್ರಿ ಅಂತ ಪೂರ್ತಿ ಪಾಠ ಹೇಳಿದ್ರು. ಇವರು ಎಲ್ಲಾದಕ್ಕೂ ಹೂಂ ಸರ್, ಹೂಂ ಸರ್. ಕೊನೇಗೆ ಥ್ಯಾಂಕ್ಸ್ ಬೇರೆ. ಓಟಿಪಿ ಸಿಗಲಿಲ್ಲ. ಮಗ ಮಾತ್ರ ಸಂಜೆ ಪಕ್ಕದ್ಮನೆ ಆಂಟಿಗೆ "ನಮ್ಮಪ್ಪ ಫೋನ್ ಮಾಡಿ ಓಟಿಪಿ ಕೇಳ್ತಾರೆ" ಅಂತ ಹೆಮ್ಮೆಯಿಂದ ಹೇಳ್ಕೊಂಡು ಬಂದ, ಅವರು ಈಗ ನನ್ನ ಕಂಡ್ರೆ ಮೊಬೈಲನ್ನ ಸೆರಗಿಗೆ ಮುಚ್ಕೋತಾರೆ.

ಪಾಸ್‌ವರ್ಡ್ ಸಿಕ್ಕಿದ್ದು ದೇವರ ಮನೇಲಿ. ನಿಜ. ಅಂಗಡಿ ಹುಡುಗ ಅದನ್ನ ಫೋನಿನ ಡಬ್ಬಿ ಮೇಲೆ ಪೆನ್ನಲ್ಲಿ ಗೀಚಿದ್ದ, ಆ ಡಬ್ಬಿಯಲ್ಲಿ ನಮ್ಮತ್ತೆ ಇಷ್ಟು ವರ್ಷದಿಂದ ಹೂಬತ್ತಿ ತುಂಬಿಸಿಟ್ಕೊಂಡಿದಾರೆ.

ಅಲ್ಲಿಂದ ಶುರುವಾಯ್ತು ನನ್ನ ಡ್ಯೂಟಿ. ಮಗುವಿನ ಅಕೌಂಟ್ ಅಲ್ವಾ, ಮಕ್ಕಳ ಫೋನನ್ನ ಅಪ್ಪ ಅಮ್ಮ ಕಾಯೋಕೆ ಅಂತ ಗೂಗಲ್ ಮಾಡಿರೋ ಫ್ಯಾಮಿಲಿ ಲಿಂಕ್ ಹಾಕಬೇಕು, ಅದು ನನ್ನ ಫೋನಲ್ಲಿ. ಆಪ್ ಬೇಕಾದ್ರೆ ಒಪ್ಪಿಗೆ ನಾನು ಕೊಡಬೇಕು. ಟೈಮ್ ಮುಗಿದು ಲಾಕ್ ಆದ್ರೆ ಇನ್ನಷ್ಟು ಟೈಮೂ ನಾನೇ ಕೊಡಬೇಕು. ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಮಾಡಿದ್ದಾಗ್ಲೇ ಸಾಹೇಬ್ರಿಗೆ ಡೈನೋಸಾರ್ ಗೇಮ್ ಬೇಕಂತೆ ಅಂತ ನೋಟಿಫಿಕೇಶನ್, ಮ್ಯಾನೇಜರ್ "ಅಪ್ರೂವ್ ಮಾಡಿಬಿಡಿ ಮೇಡಂ" ಅಂತಾರೆ.

ಬ್ಯಾಟರಿ ಪೂರ್ತಿ ಸತ್ತು ಎದ್ದಾಗಂತೂ ಇನ್ನೊಂದು ಕಥೆ. "ಅಮ್ಮಾ, ಇವತ್ತು 1970 ಜನವರಿ 1, ಗುರುವಾರ, ನಾಳೆ ಟೆಸ್ಟ್ ಇಲ್ಲ" ಅಂದ. ಕಂಪ್ಯೂಟರುಗಳು ಸೆಕೆಂಡ್ ಎಣಿಸೋದು ಆವತ್ತಿಂದ್ಲೇ ಅಂತ ಇವರ ವಿವರಣೆ. ಇರ್ಲಿ ಸ್ವಾಮಿ, ಆದರೆ ತಾರೀಖು ತಪ್ಪಾದ್ರೆ ಯಾವ ವೆಬ್‌ಸೈಟೂ ತೆಗೆಯಲ್ಲ, ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತೆ. ಸಿಮ್ ಇದ್ದಿದ್ರೆ ನೆಟ್‌ವರ್ಕೇ ಟೈಮ್ ಸರಿ ಮಾಡ್ತಿತ್ತಂತೆ. ಸಿಮ್ ಇಲ್ವಲ್ಲ, ಹಾಗಾಗಿ ಅದನ್ನೂ ನಾನೇ ಮಾಡಬೇಕು.

ಒಂದು ವಿಷಯಕ್ಕೆ ಮಾತ್ರ ಬೈಯಕ್ಕೆ ಮನಸ್ಸು ಬರಲ್ಲ. ರೀಸೆಟ್ ಮಾಡಿದ್ರೂ ಒಳಗಿದ್ದ ಮೆಮೊರಿ ಕಾರ್ಡ್ ಹಾಗೇ ಉಳಿದಿತ್ತು. ಅದರಲ್ಲಿ ಇವನು ಮೊದಲು ನಡೆದ ವಿಡಿಯೋ, ಹಿಂದೆ ನಮ್ಮಪ್ಪನ ದನಿ, "ಹಿಡ್ಕೋಬೇಡ ಬಿಡಮ್ಮ, ಬಿದ್ರೆ ಬೀಳ್ಲಿ". ಆ ದನಿ ಈಗ ಇರೋದು ಅದೊಂದರಲ್ಲೇ. ನಾನು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ. ಇವನು ಅದನ್ನೇ ಡಬಲ್ ಸ್ಪೀಡಲ್ಲಿ ಹಾಕಿ, ತಾತ ಇಲಿ ಥರ ಮಾತಾಡ್ತಾರೆ ಅಂತ ಬಿದ್ದು ಬಿದ್ದು ನಗ್ತಿದ್ದ.

ಈಗ ಇವರಿಗೆ ಹೊಸ ಫೋನ್ ಮೇಲೆ ಕಣ್ಣು. ಸದ್ಯ ಇರೋದನ್ನ ಅಮ್ಮಂಗೆ ಕೊಡೋಣ, ಭಜನೆ ಕೇಳ್ಕೊಂಡಿರ್ತಾರೆ, ಸಿಮ್ ಬೇಡ, ನಿನ್ನ ಹಾಟ್‌ಸ್ಪಾಟ್ ಇದೆಯಲ್ಲ ಅಂತ ನನ್ನ ಕಡೆ ನೋಡಿದ್ರು. ಅತ್ತೆ ಫೋನ್ ಬೇಡವೇ ಬೇಡ ಅಂದ್ರು, ಹೊಸದು ಯಾವಾಗ ತರ್ತೀಯ, ಆ ಡಬ್ಬಿ ಗಟ್ಟಿಯಾಗಿರುತ್ತೆ, ಅರಿಶಿನ ಕುಂಕುಮದ ಪ್ಯಾಕೆಟ್ ಇಡಕ್ಕೆ ಬೇಕಿತ್ತು ಅಂತ.