ಲೇಸರ್ ಪಾಯಿಂಟರಿನ ಪವರ್ ಎಷ್ಟು? ಗೋಡೆ ನೋಡಿ ಹೇಳಬೇಡಿ

ಅಗ್ಗದ ಲೇಸರ್ ಪಾಯಿಂಟರ್ ಕೈಗೆ ಸಿಕ್ಕರೆ ಎಲ್ಲರೂ ಮಾಡುವುದು ಒಂದೇ. ಗೋಡೆಗೆ ಬಿಟ್ಟು ನೋಡಿ "ಅಬ್ಬಾ, ಭಾರೀ ಪವರ್" ಅನ್ನುವುದು. ಪವರ್ ಅಳೆಯೋಕೆ ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ.

ನಮ್ಮ ಕಣ್ಣಿಗೆ ಹಸಿರಿನ ಮೇಲೆ ಒಲವು ಜಾಸ್ತಿ. 532 ನ್ಯಾನೋಮೀಟರ್ ತರಂಗಾಂತರದ ಹಸಿರು ಲೇಸರ್, ಅಷ್ಟೇ ಶಕ್ತಿಯ 650ರ ಕೆಂಪು ಲೇಸರಿಗಿಂತ ಸುಮಾರು 8 ಪಟ್ಟು ಪ್ರಖರವಾಗಿ ಕಾಣುತ್ತದೆ. 405ರ ನೇರಳೆಯದ್ದು ಉಲ್ಟಾ: ಮಂಕಾಗಿ ಕಾಣುತ್ತದೆ, ಕಣ್ಣು ಕೆಡಿಸುವಷ್ಟು ಶಕ್ತಿ ಇದ್ದರೂ ಗೊತ್ತಾಗುವುದಿಲ್ಲ.

ಇನ್ನು ಸ್ಟಿಕರ್. "1000 ಮಿಲಿವ್ಯಾಟ್‌ಗಿಂತ ಕಡಿಮೆ" ಅಂತ ಬರೆದಿರುತ್ತಾರೆ. 5 ಕೂಡ ಅದಕ್ಕಿಂತ ಕಡಿಮೆಯೇ ಅಲ್ವಾ! ಈ ಬಡಾಯಿಯಿಂದ ಹೋಗುವುದು ದುಡ್ಡು ಮಾತ್ರ. ನನಗೆ ಹೆದರಿಕೆ ಇರುವುದು "5 ಮಿಲಿವ್ಯಾಟ್‌ಗಿಂತ ಕಡಿಮೆ" ಅನ್ನುವ ಸಾಧು ಸ್ಟಿಕರ್ ಬಗ್ಗೆ. ಅಳತೆ, ಮಾನದಂಡಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 122 ಪಾಯಿಂಟರ್‌ಗಳನ್ನು ಅಳೆದು 2013ರಲ್ಲಿ ಫಲಿತಾಂಶ ಹೇಳಿತು. ಹಸಿರಿನಲ್ಲಿ ಹತ್ತಿರಹತ್ತಿರ ಶೇ. 90, ಕೆಂಪಿನಲ್ಲಿ ಸುಮಾರು ಶೇ. 44 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ.

ಹಸಿರಿನಲ್ಲೇ ಯಾಕೆ ಇಷ್ಟು? ಸಾಮಾನ್ಯ ಹಸಿರು ಪಾಯಿಂಟರಿನೊಳಗೆ ನೇರವಾಗಿ ಹಸಿರು ಹುಟ್ಟುವುದಿಲ್ಲ. 808 ನ್ಯಾನೋಮೀಟರಿನ ಡಯೋಡ್ ಒಂದು ಹರಳಿಗೆ ಬೆಳಕು ಊಡುತ್ತದೆ, ಅಲ್ಲಿ 1064 ಹುಟ್ಟುತ್ತದೆ, ಇನ್ನೊಂದು ಹರಳು ಅದನ್ನು 532 ಮಾಡುತ್ತದೆ. ಮೊದಲಿನ ಎರಡೂ ಇನ್‌ಫ್ರಾರೆಡ್, ಕಣ್ಣಿಗೆ ಕಾಣವು. ಅವನ್ನು ತಡೆಯೋಕೆ ಕೊನೆಯಲ್ಲಿ ಒಂದು ಸಣ್ಣ ಫಿಲ್ಟರ್ ಇರಬೇಕು. ಎಷ್ಟೋ ಅಗ್ಗದ ಪೆನ್ನುಗಳಲ್ಲಿ ಕಾಸು ಉಳಿಸೋಕೆ ಅದನ್ನೇ ಬಿಟ್ಟಿರುತ್ತಾರೆ. ಹರಳುಗಳ ಜೋಡಣೆ ಸರಿ ಇಲ್ಲದಿದ್ದರೆ ಹಸಿರು ಮಂಕು, ಇನ್‌ಫ್ರಾರೆಡ್ ಧಾರಾಳ. ನೀವು "ಥೂ, ಡಬ್ಬಾ ಪೀಸು" ಅಂತ ಸಸಾರ ಮಾಡಿದ್ದೇ ಹೆಚ್ಚು ಅಪಾಯದ್ದಿರಬಹುದು. ಜೋರು ಬೆಳಕು ಬಿದ್ದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಯಾಕೆ ಮುಚ್ಚೀತು?

ಪವರ್ ನೋಡೋಕೆ ಲೇಸರಿನಿಂದ ಬಲೂನ್ ಒಡೆಯುವುದು, ಬೆಂಕಿಕಡ್ಡಿ ಹಚ್ಚುವುದು ಸುಮ್ನೆ ತಮಾಷೆ. ಕಪ್ಪು ಬಲೂನ್ ಬೇಗ ಒಡೆಯುತ್ತದೆ, ಬಿಳಿಯದ್ದು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಲೆನ್ಸ್ ತಿರುಗಿಸಿ ಚುಕ್ಕೆ ಸಣ್ಣ ಮಾಡಿದರೆ ಕಥೆಯೇ ಬೇರೆ. ಸೆಲ್ಲಿನಿಂದ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮಲ್ಟಿಮೀಟರಿನಲ್ಲಿ ನೋಡುವುದು ಇದಕ್ಕಿಂತ ವಾಸಿ. 3 ವೋಲ್ಟ್, 300 ಮಿಲಿಆಂಪ್ ಅಂದರೆ ಒಳಗೆ ಹೋಗುವುದೇ 0.9 ವ್ಯಾಟ್. ಅದು "1 ವ್ಯಾಟ್ ಲೇಸರ್" ಆಗುವ ಮಾತೇ ಇಲ್ಲ. ಹೀಗೆ ಬಡಾಯಿ ಬಯಲಾಗುತ್ತದೆ, ನಿಜವಾದ ಸಂಖ್ಯೆ ಮಾತ್ರ ಸಿಗುವುದಿಲ್ಲ.

ಸಂಖ್ಯೆ ಬೇಕಾದರೆ ಪವರ್ ಮೀಟರೇ ಬೇಕು. ಅದರಲ್ಲೂ ಒಂದು ತಕರಾರಿದೆ. ಶಾಖ ಅಳೆಯುವ ಥರ್ಮೋಪೈಲ್ ಮೀಟರ್ ಹಸಿರು, ಇನ್‌ಫ್ರಾರೆಡ್ ಎಲ್ಲವನ್ನೂ ಕೂಡಿಸಿ ಹೇಳುತ್ತದೆ. ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇಟ್ಟು ಒಂದು ಸಲ, ತೆಗೆದು ಒಂದು ಸಲ ಅಳೆಯಿರಿ. ಎರಡಕ್ಕೂ ಎಷ್ಟು ವ್ಯತ್ಯಾಸ ಬಂತು ಅನ್ನುವುದೇ ಮುಖ್ಯ. ಪೆನ್ನು ಬಿಸಿಯಾದಂತೆ ರೀಡಿಂಗ್ ಏರಿಳಿಯುತ್ತದೆ, ಹಾಗಾಗಿ ಒಂದು ನಿಮಿಷವಾದರೂ ಕಾಯಬೇಕು.

ಮೀಟರ್ ಇಲ್ಲವೇ? ಹಾಗಾದರೆ ನನ್ನ ಮಟ್ಟಿಗೆ ಪ್ರತಿ ಅಗ್ಗದ ಹಸಿರು ಪೆನ್ನೂ 5 ಮಿಲಿವ್ಯಾಟ್ ದಾಟಿದ್ದೇ, ಅಂದರೆ ಕಿರಣ ನೇರ ಬಿದ್ದರೆ ಕಣ್ಣಿಗೆ ಅಪಾಯವಾಗುವ 3ಬಿ ವರ್ಗದ್ದೇ. ಮಕ್ಕಳ ಕೈಗೆ ಕೊಡಲ್ಲ, ಬೆಕ್ಕಿನ ಮುಂದೆಯೂ ಆಡಿಸಲ್ಲ.