ಹಾವು ಕಡಿತದ ಮದ್ದು: ದೇಶಕ್ಕೆಲ್ಲ ಒಂದೇ ಸಾಕೆ, ಸೀಮೆಗೊಂದು ಬೇಕೆ?

ಭಾರತದ ಯಾವ ಆಸ್ಪತ್ರೆಗೆ ಹೋದರೂ ಹಾವು ಕಚ್ಚಿದವರಿಗೆ ಸಿಗುವುದು ಒಂದೇ ಬಗೆಯ ಪ್ರತಿವಿಷ. ವೈದ್ಯರು ಅದನ್ನು ಎಎಸ್‌ವಿ (ಆ್ಯಂಟಿ ಸ್ನೇಕ್ ವೆನಮ್) ಎನ್ನುತ್ತಾರೆ. ನಾಗರಹಾವು, ಕಟ್ಟುಹಾವು (ಕೆಲವು ಕಡೆ ಕಡಂಬಳ), ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಅಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಶುದ್ಧಗೊಳಿಸಿ ಇದನ್ನು ತಯಾರಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ವಿಷ ಸಂಶೋಧನೆಯ ಪ್ರಯೋಗಾಲಯ 2019ರಿಂದ ಈಚೆಗೆ ಪ್ರಕಟಿಸಿದ ಅಧ್ಯಯನಗಳು ಈ ಏರ್ಪಾಡನ್ನೇ ಪ್ರಶ್ನಿಸಿವೆ. ಆಯಾ ಪ್ರದೇಶದ ಹಾವುಗಳ ವಿಷದಿಂದಲೇ ಆಯಾ ಪ್ರದೇಶದ ಮದ್ದು ಮಾಡಬೇಕೆ?

ಪರ: ವಿಷ ಎಲ್ಲಿಯದೋ ಮದ್ದೂ ಅಲ್ಲಿಯದಾಗಲಿ

ಕುದುರೆಯ ದೇಹ ತಾನು ಕಂಡ ವಿಷಕ್ಕೆ ಪ್ರತಿಕಾಯ ತಯಾರಿಸುತ್ತದೆ. ಕಾಣದ್ದಕ್ಕೆ ತಯಾರಿಸುವುದಿಲ್ಲ, ತಯಾರಿಸಿದರೂ ಅದು ಅರೆಬರೆ. ಈ ಪಾಠ ಹೊಸದೇನಲ್ಲ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷದಿಂದ ಮೊದಲ ಪ್ರತಿವಿಷ ಮಾಡಿ, ಇದು ಎಲ್ಲ ಹಾವುಗಳಿಗೂ ಆಗುತ್ತದೆ ಎಂದು ನಂಬಿದ್ದರು. ಆಸ್ಟ್ರೇಲಿಯಾದಲ್ಲಿ ಸಿ.ಜೆ. ಮಾರ್ಟಿನ್, ಭಾರತದಲ್ಲಿ ಜಾರ್ಜ್ ಲ್ಯಾಂಬ್ ಪರೀಕ್ಷಿಸಿ ನೋಡಿದಾಗ ಆ ನಂಬಿಕೆ ಬಿದ್ದುಹೋಯಿತು. ಜಾತಿ ಬದಲಾದರೆ ಮದ್ದು ಬದಲಾಗಬೇಕು ಎಂಬುದನ್ನು ಆಗಲೇ ಒಪ್ಪಿಕೊಂಡೆವು. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ ಎಂಬುದನ್ನು ಮಾತ್ರ ಇನ್ನೂ ಕಾರ್ಯರೂಪಕ್ಕೆ ತಂದಿಲ್ಲ.

ನಮ್ಮ ಎಎಸ್‌ವಿಗೆ ಬಳಸುವ ವಿಷದ ಬಹುಪಾಲು ಬರುವುದು ಒಂದೇ ಕಡೆಯಿಂದ: ಮಹಾಬಲಿಪುರಂ ಸಮೀಪದ ವಡನೆಮ್ಮೇಲಿಯಲ್ಲಿರುವ, ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಹುಟ್ಟಿದ ಈ ಸಂಘದವರು ಸುತ್ತಲಿನ ಕೆಲವೇ ಜಿಲ್ಲೆಗಳಲ್ಲಿ ಹಾವು ಹಿಡಿದು, ಮಡಕೆಗಳಲ್ಲಿಟ್ಟು, ವಾರಕ್ಕೊಮ್ಮೆಯಂತೆ ಮೂರು-ನಾಲ್ಕು ಸಲ ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತಾರೆ. ಅವರ ಕೈಚಳಕಕ್ಕೆ, ಹಾವುಗಳ ಬಗ್ಗೆ ಅವರಿಗಿರುವ ತಿಳಿವಳಿಕೆಗೆ ಇಡೀ ದೇಶ ಋಣಿ. ಆದರೆ ಚೆಂಗಲ್ಪಟ್ಟು ಕಡೆಯ ಹೊಲದ ಕೊಳಕುಮಂಡಲ ರಾಜಸ್ಥಾನದ ಅಥವಾ ಗಂಗಾ ಬಯಲಿನ ಕೊಳಕುಮಂಡಲದ ಪ್ರತಿನಿಧಿಯಾಗಲಾರದು.

ಹಾವಿನ ವಿಷ ಹತ್ತಾರು ಪ್ರೋಟೀನುಗಳ ಕಲಬೆರಕೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುವ ಪ್ರೋಟಿಯೇಸ್‌ಗಳು, ಜೀವಕೋಶದ ಪೊರೆ ಕರಗಿಸುವ ಫಾಸ್ಫೋಲಿಪೇಸ್‌ಗಳು, ನರ ಮತ್ತು ಸ್ನಾಯುಗಳ ಸಂದಿಯನ್ನು ಮುಚ್ಚಿಬಿಡುವ ನರವಿಷಗಳು, ಎಲ್ಲವೂ ಇವೆ. ಯಾವುದು ಎಷ್ಟು ಎಂಬ ಪ್ರಮಾಣ ಹಾವಿನ ವಯಸ್ಸು, ಅದು ತಿನ್ನುವ ಬೇಟೆ, ನೆಲೆಯ ಹವೆಯ ಜೊತೆ ಬದಲಾಗುತ್ತದೆ. 2025ರಲ್ಲಿ ಐಐಎಸ್‌ಸಿ ತಂಡ ದೇಶದ 34 ಕಡೆಗಳಿಂದ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿ, ಒಣ ಪ್ರದೇಶಗಳ ಹಾವುಗಳಲ್ಲಿ ಪ್ರೋಟಿಯೇಸ್ ಚಟುವಟಿಕೆ ಹೆಚ್ಚು ಎಂದು ತೋರಿಸಿತು. ಅದಕ್ಕೂ ಮೊದಲು 2021ರಲ್ಲಿ ಕೊಳಕುಮಂಡಲ, ನಾಗರಹಾವು ಎರಡರ ಮೇಲೂ ನಡೆಸಿದ ಅಧ್ಯಯನಗಳು, ಮಾರುಕಟ್ಟೆಯ ಎಎಸ್‌ವಿ ಕೆಲವು ಪ್ರದೇಶಗಳ ವಿಷವನ್ನು ಸಮರ್ಪಕವಾಗಿ ತಟಸ್ಥಗೊಳಿಸುವುದಿಲ್ಲ ಎಂದು ತಿಳಿಸಿದ್ದವು.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಕೊಲ್ಲಬಲ್ಲ ಪ್ರಮಾಣದ ವಿಷವನ್ನು ಪ್ರತಿವಿಷದ ಜೊತೆ ಮೊದಲೇ ಬೆರೆಸಿ, 37 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ಸುಂಡಿಲಿಯ ರಕ್ತನಾಳಕ್ಕೆ ಕೊಡುತ್ತಾರೆ. ಮದ್ದಿಗೆ ಇದಕ್ಕಿಂತ ಅನುಕೂಲದ ಸ್ಥಿತಿ ಬೇರೆ ಇಲ್ಲ. ವಿಷವನ್ನು ಹುಡುಕಿಕೊಂಡು ಮೈಯೆಲ್ಲ ಅಲೆಯುವ ಕೆಲಸವೇ ಅದಕ್ಕಿಲ್ಲ. ಇಂಥ ಕಡೆಯೂ ಸೋಲುವ ಮದ್ದು ರೋಗಿಯ ಮೈಯಲ್ಲಿ ಗೆದ್ದೀತೆಂದು ಹೇಗೆ ನಂಬುವುದು?

ರೋಗಿಯ ಪಾಲಿಗೆ ಇದರ ಲೆಕ್ಕ ಹೀಗೆ. ಎಎಸ್‌ವಿಯ 1 ಮಿ.ಲೀ. ಕೊಳಕುಮಂಡಲದ 0.6 ಮಿ.ಗ್ರಾಂ ವಿಷವನ್ನು ತಟಸ್ಥಗೊಳಿಸಬೇಕೆಂಬುದು ನಿಗದಿತ ಮಾನದಂಡ. ಒಂದು ವಯಲ್ (ಮದ್ದಿನ ಪುಟ್ಟ ಸೀಸೆ) ಅಂದರೆ 10 ಮಿ.ಲೀ., ಅಂದರೆ 6 ಮಿ.ಗ್ರಾಂ. ಕೊಳಕುಮಂಡಲ ಒಮ್ಮೆ ಕಚ್ಚಿದಾಗ ಸರಾಸರಿ 63 ಮಿ.ಗ್ರಾಂ ವಿಷ ಇಳಿಸುತ್ತದೆ, ಆದ್ದರಿಂದ ಮೊದಲ ಕಂತಿಗೆ 10 ವಯಲ್. ಈ ಇಡೀ ಲೆಕ್ಕ ನಿಂತಿರುವುದು 0.6 ಎಂಬ ಒಂದು ಅಂಕಿಯ ಮೇಲೆ. ಸ್ಥಳೀಯ ವಿಷದ ಮೇಲೆ ಅದರ ಬಲ ಅರ್ಧಕ್ಕೆ ಇಳಿದರೆ ಅದೇ ರೋಗಿಗೆ 20 ವಯಲ್ ಬೇಕು. ಹೆಚ್ಚಿನ ಪ್ರತಿ ವಯಲ್ ಜೊತೆ ಕುದುರೆಯ ಪ್ರೋಟೀನೂ ಒಳಗೆ ಹೋಗುತ್ತದೆ: ಚಳಿ-ನಡುಕ, ದದ್ದು, ಉಬ್ಬಸ, ಕೆಲವರಲ್ಲಿ ರಕ್ತದೊತ್ತಡ ಕುಸಿಯುವ ಗಂಡಾಂತರ. ಈಗಿನ ಎಎಸ್‌ವಿಯ ಪ್ರತಿಕಾಯಗಳಲ್ಲಿ ಹಾವಿನ ವಿಷವನ್ನು ಹಿಡಿಯಬಲ್ಲವು ಸುಮಾರು ಹತ್ತರಿಂದ ಇಪ್ಪತ್ತು ಪ್ರತಿಶತ. ಉಳಿದದ್ದು ಕುದುರೆ ತನ್ನ ಬದುಕಿನಲ್ಲಿ ಕಂಡ ಇತರ ರೋಗಾಣುಗಳಿಗೆ ಮಾಡಿಕೊಂಡದ್ದು. ಎಲ್ಲ ಪ್ರದೇಶದ ವಿಷವನ್ನೂ ಒಂದೇ ಕುದುರೆಗೆ ಕೊಟ್ಟುಬಿಡಿ ಎನ್ನುವವರು ಇದನ್ನು ಮರೆಯುತ್ತಾರೆ. ಮಿಶ್ರಣ ಹಿಗ್ಗಿದಷ್ಟೂ ಒಂದೊಂದು ವಿಷಕ್ಕೆ ಸಿಗುವ ಪಾಲು ಕುಗ್ಗುತ್ತದೆ.

ಮಾಡುವುದು ಹೇಗೆ? ದೇಶವನ್ನು ನಾಲ್ಕೈದು ವಿಷವಲಯಗಳಾಗಿ ವಿಂಗಡಿಸಿದರೆ ಸಾಕು, ಜಿಲ್ಲೆಗೊಂದು ಮದ್ದು ಯಾರೂ ಕೇಳುತ್ತಿಲ್ಲ. ಪ್ರತಿ ವಲಯದಲ್ಲಿ ಒಂದು ಹಾವು ಸಾಕಣೆ ಕೇಂದ್ರ ಬೇಕು. ಹಿಡಿದ ಹಾವಿಗೆ ಜಾಗದ ದಾಖಲೆಯಿರುವ ಗುರುತು ಹಾಕಬೇಕು, ಮೊದಲ ಕೆಲವು ವಾರ ಪ್ರತ್ಯೇಕವಾಗಿಟ್ಟು ರೋಗ, ಪರೋಪಜೀವಿಗಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ತೆಗೆದ ವಿಷವನ್ನು ತಕ್ಷಣ ತಣ್ಣಗಿಟ್ಟು ಒಣಪುಡಿ ಮಾಡಬೇಕು. ತಡವಾದರೆ ವಿಷದಲ್ಲಿರುವ ಕಿಣ್ವಗಳೇ ಅದರ ಪ್ರೋಟೀನುಗಳನ್ನು ಕಡಿದುಹಾಕುತ್ತವೆ, ಆಗ ಕುದುರೆ ಕಾಣುವುದು ಹಾವಿನ ಹಲ್ಲಿನಲ್ಲಿದ್ದ ವಿಷವನ್ನಲ್ಲ. ಮರಿ ಹಾವು, ದೊಡ್ಡ ಹಾವು ಎರಡರ ವಿಷವೂ ಮಿಶ್ರಣದಲ್ಲಿರಬೇಕು.

ಕಚ್ಚಿದ ಹಾವು ಯಾವುದೆಂದು ರೋಗಿಗೆ ತಿಳಿಯದು ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಪ್ರದೇಶದ ಮದ್ದೂ ನಾಲ್ಕು ಹಾವಿನದೇ. ಎಲ್ಲಿ ಕಚ್ಚಿತು ಎಂದು ಗೊತ್ತಿದ್ದರೆ ಸಾಕು, ಅದು ಎಲ್ಲರಿಗೂ ಗೊತ್ತಿರುತ್ತದೆ. ಇನ್ನೊಂದು ಲಾಭವೂ ಉಂಟು. ಮಲೆನಾಡು, ಕೊಡಗು, ಕೇರಳದ ಕಾಫಿ-ಅಡಿಕೆ ತೋಟಗಳಲ್ಲಿ ತರಗೆಲೆಯಡಿ ಕುಳಿತು ಕಚ್ಚುವ ಉಬ್ಬುಮೂಗಿನ ಗುಳಿಮಂಡಲಕ್ಕೆ ನಮ್ಮಲ್ಲಿ ಪ್ರತಿವಿಷವೇ ಇಲ್ಲ. ಮೂತ್ರಪಿಂಡ ಕೆಡಿಸುವ ಈ ಹಾವನ್ನು ಪಶ್ಚಿಮ ಘಟ್ಟದ ಮದ್ದಿಗೆ ಐದನೆಯದಾಗಿ ಸೇರಿಸಬಹುದು. ರಾಜಸ್ಥಾನಕ್ಕೆ ಅಲ್ಲಿನ ಸೊಚುರೆಕಿ ಉಪಜಾತಿಯ ಗರಗಸ ಮಂಡಲ ಬೇಕು. ಐಐಎಸ್‌ಸಿಯ 2019ರ ಅಧ್ಯಯನ ನಿರ್ಲಕ್ಷ್ಯಕ್ಕೆ ಸಿಕ್ಕ ಹಾವುಗಳ ಪಟ್ಟಿಯಲ್ಲಿ ಅದನ್ನೂ ಇಟ್ಟಿತ್ತು.

ವಿರೋಧ: ಸೀಸೆ ಬದಲಿಸುವ ಮೊದಲು ದಾರಿ ಸರಿಮಾಡಿ

ವಿಷ ಬದಲಾಗುತ್ತದೆ ಎಂಬ ಸಂಶೋಧನೆಯ ಬಗ್ಗೆ ತಕರಾರಿಲ್ಲ. ಅದರಿಂದ ತೆಗೆದ ತೀರ್ಮಾನದ ಬಗ್ಗೆ ಇದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರ ಅಂದಾಜು ಹೇಳುತ್ತದೆ, ವರ್ಷಕ್ಕೆ ಸರಾಸರಿ 58,000. ಅದಕ್ಕೂ ಹಿಂದೆ 2011ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ, ಸತ್ತವರಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟವರು ಶೇ 23 ಮಾತ್ರ. ಉಳಿದವರು ಮನೆಯಲ್ಲಿ, ದಾರಿಯಲ್ಲಿ, ಮಂತ್ರ ಹಾಕುವವರ ಜಗಲಿಯಲ್ಲಿ ಸತ್ತರು. ಅವರಲ್ಲಿ ಬಹುಮಂದಿಗೆ ಯಾವ ಪ್ರದೇಶದ ಮದ್ದೂ ಮುಟ್ಟುವ ಹೊತ್ತಿಗೆ ಮುಟ್ಟಲಿಲ್ಲ.

ತಡವಾದರೆ ಅತ್ಯುತ್ತಮ ಪ್ರತಿವಿಷವೂ ಕೈಚೆಲ್ಲುತ್ತದೆ. ಪ್ರತಿವಿಷ ರಕ್ತದಲ್ಲಿ ತೇಲುವ ವಿಷವನ್ನು ಹಿಡಿಯುತ್ತದೆ, ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಕಟ್ಟುಹಾವನ್ನೇ ನೋಡಿ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವಿಲ್ಲ, ಗಾಯವೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುತ್ತದೆ. ಅಷ್ಟರಲ್ಲಿ ಅದರ ವಿಷ ನರದ ತುದಿಗಳನ್ನೇ ಹಾಳುಮಾಡಿರುತ್ತದೆ. ಅವು ಮತ್ತೆ ಬೆಳೆಯುವ ತನಕ ಉಸಿರಾಟಕ್ಕೆ ಆಸರೆ ಬೇಕು, ಕೆಲವರಿಗೆ ದಿನಗಟ್ಟಲೆ. ಇಂಥ ರೋಗಿಯನ್ನು ಉಳಿಸುವುದು ವೆಂಟಿಲೇಟರ್, ಅದು ಬರುವವರೆಗೆ ಅಂಬು ಚೀಲ (ಕೈಯಿಂದ ಒತ್ತಿ ಉಸಿರು ತುಂಬುವ ಚೀಲ) ಒತ್ತುತ್ತ ಕೂರುವ ಕೈ. ನಾಗರಹಾವಿನ ನರವಿಷ ಬೇರೆ ಬಗೆಯದು: ಸ್ನಾಯುವಿನ ಕಡೆ ಕೂತು ಬಾಗಿಲು ಮುಚ್ಚುತ್ತದೆ. ಅದಕ್ಕೆ ನಿಯೊಸ್ಟಿಗ್ಮಿನ್ 1.5 ಮಿ.ಗ್ರಾಂ, ಜೊತೆಗೆ ಅಟ್ರೊಪಿನ್ 0.6 ಮಿ.ಗ್ರಾಂ ಕೊಟ್ಟರೆ ರೆಪ್ಪೆ ಏಳುವುದನ್ನು ಕಣ್ಣಾರೆ ನೋಡಬಹುದು. ಕಟ್ಟುಹಾವಿಗೆ ಅದರಿಂದ ಉಪಯೋಗ ಕಡಿಮೆ. ಈ ವ್ಯತ್ಯಾಸ ತಿಳಿದ ವೈದ್ಯರೊಬ್ಬರು ರಾತ್ರಿ ಪಾಳಿಯಲ್ಲಿ ಇದ್ದಾರೆಯೇ ಎಂಬುದರ ಮೇಲೆ ಜೀವ ನಿಂತಿರುತ್ತದೆ.

‘ಎಎಸ್‌ವಿ ಕೆಲಸ ಮಾಡಲಿಲ್ಲ’ ಎಂಬ ದೂರಿನ ಒಳಹೊಕ್ಕು ನೋಡಿದರೆ ಹಲವು ಸಲ ಮದ್ದಿನ ತಪ್ಪಿರುವುದಿಲ್ಲ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆ ತೀರ ಸರಳ: 2 ಮಿ.ಲೀ. ತಾಜಾ ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಬಗ್ಗಿಸಿ ನೋಡುವುದು. ನಳಿಕೆ ಪ್ಲಾಸ್ಟಿಕ್‌ನದಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದು ಮತ್ತೆ ಬಳಸಿದ್ದಾದರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿದೀತು. ಆಗ ಬೇಡದ ವಯಲ್‌ಗಳು ಒಳಗೆ ಹೋಗುತ್ತವೆ, ಮದ್ದು ಸೋತಂತೆ ಕಾಣುತ್ತದೆ. ಎರಡನೆಯ ತಪ್ಪು ಆತುರ. ವಿಷ ತಟಸ್ಥಗೊಂಡ ಮೇಲೂ ಯಕೃತ್ತು ಹೊಸ ಹೆಪ್ಪುಕಾರಕಗಳನ್ನು ತಯಾರಿಸಲು ಸುಮಾರು ಆರು ಗಂಟೆ ಹಿಡಿಯುತ್ತದೆ. ಆದ್ದರಿಂದಲೇ ಮರುಪರೀಕ್ಷೆ ಆರು ಗಂಟೆಗೊಮ್ಮೆ. ಎರಡು ಗಂಟೆಗೇ ನೋಡಿ ‘ಇನ್ನೂ ಹೆಪ್ಪುಗಟ್ಟಿಲ್ಲ’ ಎಂದು ಮತ್ತೆ ಮದ್ದು ಏರಿಸುವುದು ತಪ್ಪು. ಮೂರನೆಯದು ಪ್ರಮಾಣ. ಮಕ್ಕಳೆಂದು ಕಡಿಮೆ ಕೊಡುತ್ತಾರೆ. ಹಾವು ಮಗುವಿಗೆಂದು ವಿಷ ಕಡಿಮೆ ಇಳಿಸಿರುವುದಿಲ್ಲ, ಮಗುವಿಗೂ ದೊಡ್ಡವರಷ್ಟೇ ವಯಲ್ ಬೇಕು. ಪ್ರತಿಕ್ರಿಯೆಯ ಭಯಕ್ಕೆ ಎರಡು ವಯಲ್ ಕೊಟ್ಟು ಜಿಲ್ಲಾಸ್ಪತ್ರೆಗೆ ಸಾಗಹಾಕುವುದೂ ಉಂಟು. ಆ ಭಯಕ್ಕೆ ಉತ್ತರ ಕೈಯಳತೆಯಲ್ಲಿ ಸಿದ್ಧವಾಗಿರುವ ಅಡ್ರಿನಲಿನ್: ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಸ್ನಾಯುವಿಗೆ. ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂಚಿತವಾಗಿ ಅಲ್ಪ ಪ್ರಮಾಣದ ಅಡ್ರಿನಲಿನ್ ಕೊಟ್ಟಾಗ ತೀವ್ರ ಪ್ರತಿಕ್ರಿಯೆಗಳು ಗಣನೀಯವಾಗಿ ತಗ್ಗಿದವು. ಇದಕ್ಕೆ ಹೊಸ ಕಾರ್ಖಾನೆ ಬೇಡ.

ಸುಂಡಿಲಿಯ ಪರೀಕ್ಷೆಯನ್ನು ಮದ್ದಿಗೆ ಅನುಕೂಲದ ಸ್ಥಿತಿ ಎಂದು ಪರ ವಾದಿಸಿದವರು ಹೇಳಿದರು. ಅದು ನಿಜ, ಆದರೆ ಸುಂಡಿಲಿ ಸಾಯುವ ಕಾರಣ ಮನುಷ್ಯ ಸಾಯುವ ಕಾರಣವೇ ಆಗಿರಬೇಕೆಂದಿಲ್ಲ. ರಕ್ತನಾಳಕ್ಕೆ ನೇರ ಚುಚ್ಚಿದ ವಿಷ ಮತ್ತು ಕಾಲಿನ ಮಾಂಸದಿಂದ ಗಂಟೆಗಟ್ಟಲೆ ಒಸರುವ ವಿಷ ಬೇರೆ ಬೇರೆ ರೀತಿ ವರ್ತಿಸುತ್ತವೆ. ಪ್ರದೇಶದ ಮದ್ದು ಮೇಲೆಂದು ಹೇಳಲು ಎರಡು ಮದ್ದುಗಳನ್ನು ರೋಗಿಗಳಲ್ಲಿ ಹೋಲಿಸಿದ ಪ್ರಯೋಗ ಬೇಕು.

ಸರಬರಾಜಿನ ತೊಡಕು ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು. ಕುದುರೆಗೆ ವಿಷ ಕೊಡಲು ಶುರುಮಾಡಿ ರಕ್ತ ತೆಗೆಯುವ ಹಂತಕ್ಕೆ ಬರಲು ತಿಂಗಳುಗಳೇ ಬೇಕು. ಐದು ಮದ್ದು ಎಂದರೆ ಐದು ಕುದುರೆ ಹಿಂಡು, ಐದು ಗುಣಮಟ್ಟ ಪರೀಕ್ಷೆ, ಐದು ಪ್ರತ್ಯೇಕ ದಾಸ್ತಾನು. ಒಂದು ವಲಯದ ದಾಸ್ತಾನು ಕೆಟ್ಟರೆ ಪಕ್ಕದ ವಲಯದ್ದು ತರಿಸಬಹುದೇ? ತರಿಸಬಹುದೆಂದರೆ ವಿಂಗಡಣೆಯ ಅರ್ಥವೇನು, ಕೂಡದೆಂದರೆ ಆ ಮಳೆಗಾಲ ರೋಗಿಗಳ ಗತಿಯೇನು? ಬೆಳಗಾವಿಯ ರೋಗಿ ಮೀರಜ್‌ಗೆ ಹೋಗುತ್ತಾನೆ, ಕಾಸರಗೋಡಿನವರು ಮಂಗಳೂರಿಗೆ ಬರುತ್ತಾರೆ. ದ್ರವರೂಪದ ಎಎಸ್‌ವಿ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಒಣಪುಡಿಗೆ ಆ ಕಟ್ಟುಪಾಡಿಲ್ಲ, ಕರೆಂಟು ನೆಚ್ಚಲಾಗದ ಊರಿಗೆ ಅದೇ ವಾಸಿ. ಅದನ್ನು 10 ಮಿ.ಲೀ. ನೀರಿನಲ್ಲಿ ಕಲಕುವಾಗ ಜೋರಾಗಿ ಅಲ್ಲಾಡಿಸಬಾರದು, ನೊರೆ ಬಂದರೆ ಪ್ರೋಟೀನು ಹಾಳು. ಇಷ್ಟನ್ನೂ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರೂಢಿ ಮಾಡಿಸುವುದು ಇನ್ನೂ ಬಾಕಿ ಇರುವ ಕೆಲಸ.

ವಿಷದ ವ್ಯತ್ಯಾಸಕ್ಕೆ ಮದ್ದೇ ಇಲ್ಲವೆಂದಲ್ಲ. ಮಿಶ್ರಣ ಹಿಗ್ಗಿದರೆ ಪಾಲು ಕುಗ್ಗುತ್ತದೆ ಎಂಬ ವಾದ ಎಲ್ಲ ವಿಷಗಳೂ ಪೂರ್ತಿ ಬೇರೆಬೇರೆ ಎಂದುಕೊಂಡಾಗ ಸರಿ. ಹಾಗಿಲ್ಲ, ಒಂದೇ ಜಾತಿಯ ವಿಷಗಳಲ್ಲಿ ಸಮಾನ ಅಂಶ ಬಹಳ. ಐಐಎಸ್‌ಸಿಯ ದತ್ತಾಂಶವನ್ನೇ ಬಳಸಿ, ತೀರ ಭಿನ್ನವಾದ ಮೂರು-ನಾಲ್ಕು ನೆಲೆಗಳ ವಿಷವನ್ನು ಆರಿಸಿ ಈಗಿನ ಮಿಶ್ರಣಕ್ಕೆ ಸೇರಿಸಿದರೆ, ಒಂದೇ ಮದ್ದಿನ ವ್ಯಾಪ್ತಿ ಹಿಗ್ಗುತ್ತದೆ. ಉಬ್ಬುಮೂಗಿನ ಗುಳಿಮಂಡಲದ ಮಾತು ಮಾತ್ರ ನ್ಯಾಯವಾದದ್ದು. ಅದು ಬೇರೆಯೇ ಜಾತಿ, ಅದಕ್ಕೆ ಪ್ರತ್ಯೇಕ ಮದ್ದು ಬೇಕು. ಈಗಿನ ಎಎಸ್‌ವಿಯನ್ನು ಆ ಕಡಿತಕ್ಕೆ ಸುರಿಯುವುದು ಅಪಾಯವನ್ನಷ್ಟೇ ಕೊಡುತ್ತದೆ.

ಕುದುರೆಯನ್ನೇ ಬಿಟ್ಟು ಸಾಗುವ ಸಂಶೋಧನೆಗೂ ಹಣ ಬೇಕು. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ, ಇಂಗ್ಲೆಂಡಿನ ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಕೀಯ ಸಂಸ್ಥೆ ಮತ್ತು ಐಐಎಸ್‌ಸಿ ಸೇರಿ 2024ರಲ್ಲಿ ಪ್ರಕಟಿಸಿದ ಪ್ರತಿಕಾಯ ಹಲವು ಹಾವುಗಳ ಒಂದು ಬಗೆಯ ನರವಿಷವನ್ನು ಹಿಡಿಯುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2025ರಲ್ಲಿ ಕಂಪ್ಯೂಟರಿನಲ್ಲೇ ವಿನ್ಯಾಸಗೊಳಿಸಿದ ಪ್ರೋಟೀನು ನರವಿಷದಿಂದ ಸುಂಡಿಲಿಗಳನ್ನು ಉಳಿಸಿತು. ಇವೆರಡೂ ಇನ್ನೂ ಮನುಷ್ಯರಿಗೆ ಬಂದಿಲ್ಲ, ಮಂಡಲದ ಹಾವಿಗೆ ಆಗುವುದೂ ಇಲ್ಲ. ವರೆಸ್ಪ್ಲಾಡಿಬ್ ಎಂಬ ಗುಳಿಗೆ ಭಾರತ ಮತ್ತು ಅಮೆರಿಕದ ರೋಗಿಗಳಲ್ಲಿ ಪರೀಕ್ಷೆಯಾಗಿದೆ. ಅದರ ಮುಖ್ಯ ಗುರಿ ಈಡೇರಲಿಲ್ಲ, ಬೇಗ ಕೊಟ್ಟವರಲ್ಲಿ ಪ್ರಯೋಜನದ ಸುಳಿವಿತ್ತು. ಗದ್ದೆಯ ಬದುವಿನಲ್ಲೇ ನುಂಗಬಹುದಾದ ಗುಳಿಗೆ ಎಂಬುದರ ಬೆಲೆ, ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರವಿರುವವರಿಗೆ ಗೊತ್ತು.

ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಪ್ರತಿ ವರದಿಯಲ್ಲಿ ಕಚ್ಚಿದ ಜಾಗ, ಮೊದಲ ವಯಲ್ ಕೊಟ್ಟ ಹೊತ್ತು, ಒಟ್ಟು ವಯಲ್, ಆರು ಗಂಟೆಯ ನಂತರ ರಕ್ತ ಹೆಪ್ಪುಗಟ್ಟಿತೇ ಎಂಬ ನಾಲ್ಕು ವಿವರ ತಪ್ಪದೆ ಇದ್ದರೆ ಎರಡು-ಮೂರು ಮಳೆಗಾಲದಲ್ಲಿ ಮದ್ದು ಎಲ್ಲಿ ಸೋಲುತ್ತಿದೆ ಎಂಬ ನಕ್ಷೆ ಸಿಗುತ್ತದೆ. ಮಿಶ್ರಣಕ್ಕೆ ಮೊದಲು ಸೇರಬೇಕಾದದ್ದು ಆ ತಾಲ್ಲೂಕುಗಳ ಹಾವಿನ ವಿಷ.